ಪದಚರ್ಚೆ: ‘ತೋನುಸ್’ ಎಂದರೆ ರಾಗವೇ, ಮಟ್ಟೇ?

ಬಳಗದ ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಬರ್ಗಂಡಿ ಸೀಮೆಯ ಕ್ಲೂನಿ ಮಠದ ಶಿಲ್ಪಗಳ ಬಗ್ಗೆ ಬರೆಯಲು ಕೂತವನು ‘ತೋನುಸ್’ ಎಂಬ ಒಂದು ಲ್ಯಾಟಿನ್ ಪದದ ಹತ್ತಿರ ವಾರದಿಂದ ನಿಂತುಬಿಟ್ಟಿದ್ದೇನೆ. ಅಲ್ಲಿನ ದೊಡ್ಡ ಚರ್ಚಿನ ಕೆಲಸ ಶುರುವಾದದ್ದು 1088ರಲ್ಲಿ. 1095ರಲ್ಲಿ ಪೋಪ್ ಎರಡನೆಯ ಅರ್ಬನ್ ಬಂದು ಅದರ ಪ್ರಧಾನ ಪೀಠವನ್ನು ಪ್ರತಿಷ್ಠಾಪಿಸಿದರು. ಫ್ರೆಂಚ್ ಕ್ರಾಂತಿಯ ನಂತರ ಕಟ್ಟಡದ ಬಹುಪಾಲನ್ನು ಒಡೆದು ಕಲ್ಲು ಮಾರಿದರು. ಪೀಠದ ಸುತ್ತಲಿನ ಕಂಬಗಳ ಕೆಲವು ಬೋದಿಗೆಗಳು (ಕಂಬದ ತಲೆಯ ಮೇಲಿನ ಕಲ್ಲುಗಳು) ಉಳಿದು, ಈಗ ಮಠದ ಹಳೆಯ ಹಿಟ್ಟಿನ ಉಗ್ರಾಣದಲ್ಲಿವೆ.

ಅವುಗಳಲ್ಲಿ ಎರಡು ಬೋದಿಗೆಗಳ ಮೇಲೆ ಚರ್ಚ್ ಗಾಯನದ ಎಂಟು ‘ತೋನುಸ್’ಗಳನ್ನು, ಮುಖಕ್ಕೊಂದರಂತೆ, ಮನುಷ್ಯರೂಪದಲ್ಲಿ ಕಡೆದಿದ್ದಾರೆ. ಒಂದೊಂದಕ್ಕೂ ಒಂದೊಂದು ಸಾಲಿನ ಲ್ಯಾಟಿನ್ ಪದ್ಯ. ಮೊದಲ ನಾಲ್ಕು ಆಕೃತಿಗಳು ಬಾದಾಮಿ ಬೀಜದ ಆಕಾರದ ಚೌಕಟ್ಟಿನೊಳಗಿವೆ. (ಅದನ್ನು ಪ್ರಭಾವಳಿ ಎನ್ನಲು ಮನಸ್ಸೊಪ್ಪಲಿಲ್ಲ, ಪ್ರಭಾವಳಿ ಮೂರ್ತಿಯ ಹಿಂದೆ ನಿಲ್ಲುತ್ತದೆ, ಇದು ಮೈಯನ್ನೇ ಸುತ್ತಿಕೊಂಡಿದೆ.) ಎರಡನೆಯದು ತಾಳ ಹಿಡಿದು ಕುಣಿಯುವ ಹೆಣ್ಣು. ಮೂರನೆಯದು ತಂತಿವಾದ್ಯದವನು. ನಾಲ್ಕನೆಯವನ ಹೆಗಲ ಮೇಲಿನ ಅಡ್ಡೆಯಿಂದ ಗಂಟೆಗಳು ತೂಗುತ್ತಿವೆ.

‘ತೋನುಸ್’ಗೆ ರಾಗ ಎಂದುಬಿಡುವುದು ಸುಲಭ, ಆದರೆ ತಪ್ಪು ಎಂದೇ ನನ್ನ ಅನಿಸಿಕೆ. ರಾಗ ಎಂದ ಕೂಡಲೇ ನಮ್ಮ ಕಿವಿ ಗಮಕ, ಸಂಚಾರ, ಆಲಾಪನೆಯನ್ನು ಕೇಳತೊಡಗುತ್ತದೆ. ಇಲ್ಲಿರುವುದು ಎಂಟೇ. ಹಾಡು ಯಾವ ಸ್ವರದಲ್ಲಿ ನಿಲ್ಲುತ್ತದೆ, ಯಾವುದರ ಮೇಲೆ ಹೆಚ್ಚು ಹೊತ್ತು ಇರುತ್ತದೆ, ಎಷ್ಟು ಕೆಳಗಿಳಿಯುತ್ತದೆ, ಎಷ್ಟು ಮೇಲೇರುತ್ತದೆ, ಇಷ್ಟರ ಮೇಲೆ ವಿಂಗಡಣೆ. ಒಂದನೆಯದು, ಎರಡನೆಯದು ಎರಡೂ ನಿಲ್ಲುವುದು ಒಂದೇ ಸ್ವರದಲ್ಲಿ. ಎರಡನೆಯದರ ಹರವು ಕೆಳಗಿದೆ, ಅಷ್ಟೇ. ನಾಟ್ಯಶಾಸ್ತ್ರ ಹೇಳುವ ‘ಜಾತಿ’ಯ (ರಾಗಕ್ಕೂ ಹಿಂದಿನ ಸ್ವರವಿಂಗಡಣೆಯ) ಹತ್ತು ಲಕ್ಷಣಗಳಲ್ಲಿ ನ್ಯಾಸ, ಅಂಶ, ಮಂದ್ರ, ತಾರ ಕ್ರಮವಾಗಿ ಈ ನಾಲ್ಕಕ್ಕೆ ತೀರ ಹತ್ತಿರ. ಆದರೆ ಇವತ್ತು ‘ಎಂಟು ಜಾತಿಗಳು’ ಎಂದು ಬರೆದರೆ ಓದುವವರ ಮನಸ್ಸು ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ.

ಹಾಗಾಗಿ ನನ್ನ ಒಲವು ‘ಮಟ್ಟು’ ಕಡೆಗೆ. ಬೈಬಲಿನ ಕೀರ್ತನೆಯ ಯಾವ ಸಾಲು ಕೊಟ್ಟರೂ ಅದೇ ಅಚ್ಚಿನಲ್ಲಿ ಕೂರಿಸಿ ಹಾಡುವ ಪದ್ಧತಿಗೂ ಸನ್ಯಾಸಿಗಳು ತೋನುಸ್ ಎಂದೇ ಹೇಳುತ್ತಿದ್ದರು. ನಮ್ಮಲ್ಲಿ ‘ಅದೇ ಮಟ್ಟಿನಲ್ಲಿ ಹಾಡಿ’ ಎನ್ನುವುದೂ ಇದನ್ನೇ ಅಲ್ಲವೇ? ಮಟ್ಟು ಎಂಬುದಕ್ಕೆ ಅಳತೆ, ಮಿತಿ ಎಂಬ ಹಳೆಯ ಅರ್ಥವೂ ಇರುವುದರಿಂದ ಹರವಿನ ಮಾತೂ ಅದರೊಳಗೆ ಬಂತು.

ಇನ್ನು ಪದ್ಯಗಳು. ‘ತೆರ್ತಿಯುಸ್ ಇಂಪಿಂಗಿತ್ ಕ್ರಿಸ್ತುಂಕ್ವೆ ರೆಸುರ್ಗೆರೆ ಫಿಂಗಿತ್’: ಮೂರನೆಯ ದಿನ ಎದ್ದ ಕ್ರಿಸ್ತನಿಗೆ ಮೂರನೆಯ ಮಟ್ಟು. ‘ಇಂಪಿಂಗಿತ್’ ಎಂದರೆ ತಾಗಿಸು, ಹೊಡೆ, ನೂಕು. ಇದಕ್ಕೆ ‘ಮೀಟು’ ಹೊಳೆದಾಗ ನನಗಾದ ಸಂತೋಷ ಹೇಳತೀರದು. ಮೀಟುವುದು ತಂತಿಯನ್ನು, ಹಾರೆ ಹಾಕಿ ಚಪ್ಪಡಿಯನ್ನು ಎಬ್ಬಿಸುವುದೂ ಮೀಟುವುದೇ. ಸಮಾಧಿಯ ಬಾಯಿಯ ಕಲ್ಲು ಸರಿದ ಕತೆ ಗೊತ್ತಿರುವವರಿಗೆ ಆ ಎರಡನೆಯ ಅರ್ಥವೂ ಕೇಳಿಸುತ್ತದೆ. ‘ಫಿಂಗಿತ್’ ಮಣ್ಣು ಮಿದ್ದಿ ರೂಪ ಕೊಡುವ ಕ್ರಿಯಾಪದ, ಶಿಲ್ಪಕ್ಕೆ ತಕ್ಕದ್ದು. ಸದ್ಯಕ್ಕೆ ಹೀಗೆ ಮಾಡಿದ್ದೇನೆ:

ಮೂರನೆಯದು ಮೀಟುವುದು, ಕ್ರಿಸ್ತನೇಳುವುದ ರೂಪಿಸುವುದು.

ನಾಲ್ಕನೆಯದು ಹಾಡಿನಲ್ಲಿ ‘ಪ್ಲಾಂಕ್ತುಸ್’ ಅನ್ನು ಅನುಕರಿಸುತ್ತದೆಯಂತೆ. ಶೋಕ ಎಂದರೆ ಅರ್ಥ ಬಂತು, ಏಟು ಬರಲಿಲ್ಲ. ಆ ಲ್ಯಾಟಿನ್ ಪದದ ಬೇರಿನಲ್ಲಿರುವುದು ಎದೆ ಬಡಿದುಕೊಳ್ಳುವುದು. ಶಿಲ್ಪದಲ್ಲಿರುವುದು ಬಡಿಯುವ ಗಂಟೆ. ಎರಡನ್ನೂ ಹಿಡಿಯುವ ಒಂದೇ ನಾಮಪದ ಕನ್ನಡದಲ್ಲಿದೆಯೇ? ‘ಎದೆಬಡಿತ’ ಎಂದರೆ ಹೃದಯದ ಮಿಡಿತವಾಗಿಬಿಡುತ್ತದೆ.

ಎಂಟನೆಯದು ಸಂತರೆಲ್ಲ ಧನ್ಯರೆಂದು ಕಲಿಸುತ್ತದೆ, ಅದರಲ್ಲಿ ತೊಡಕಿಲ್ಲ.

ಚರ್ಚಿನ ಗಾಯನವೃಂದಗಳಲ್ಲಿ ಹಾಡುವವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಕೀರ್ತನೆ ಹೇಳುವ ಧಾಟಿಗೆ ನಿಮ್ಮಲ್ಲಿ ಏನನ್ನುತ್ತೀರಿ? ಕಲ್ಲು ಎಬ್ಬಿಸುವ ಅರ್ಥದ ‘ಮೀಟು’ ನಿಮ್ಮೂರಲ್ಲಿ ಈಗಲೂ ಬಳಕೆಯಲ್ಲಿದೆಯೇ?