ಇಬ್ಬರು ಹೋದರು, ನಲವತ್ತು ಜನ ಬಂದರು

"ಮುಗೀತು ಕಣ್ರೋ, ಬ್ಯಾಂಡ್ ಹಾಳಾಗೋಯ್ತು" ಎಂದ ಕರಿ ಅಂಗಿ. ಏನಾಯಿತೋ ಎಂದು ಗಾಬರಿಯಾದೆವು. ಆಮೇಲೆ ಗೊತ್ತಾಯಿತು, ಅವನು ಹೇಳುತ್ತಿದ್ದದ್ದು 1987ರ ಸುದ್ದಿ.

ಹಾಳಾಗಿದ್ದು ಇಂಗ್ಲೆಂಡಿನ ಲೀಡ್ಸ್ ಊರಿನ ಗಾಥಿಕ್ ರಾಕ್ ಬ್ಯಾಂಡು, ದಿ ಸಿಸ್ಟರ್ಸ್ ಆಫ್ ಮರ್ಸಿ. ಗಾಥಿಕ್, ಚಿಕ್ಕದಾಗಿ ಗಾಥ್ ಅಂದರೆ ಕತ್ತಲೆ, ವಿಷಾದ ತುಂಬಿದ ರಾಕ್, ಅಭಿಮಾನಿಗಳಿಗೆ ಕರಿ ಬಟ್ಟೆ. 1985ರಲ್ಲಿ ಮೊದಲ ಆಲ್ಬಮ್ 'ಫಸ್ಟ್ ಅಂಡ್ ಲಾಸ್ಟ್ ಅಂಡ್ ಆಲ್ವೇಸ್' ಬಂತು. 1987ರಲ್ಲಿ ಎರಡನೆಯದು, 'ಫ್ಲಡ್‌ಲ್ಯಾಂಡ್'. ಇವೆರಡರ ನಡುವೆ ನಮ್ಮ ಗುಂಪು ಹೋಳಾಗಿದೆ. ಕರಿ ಅಂಗಿ ಮೊದಲನೆಯದರ ಪಕ್ಷ. ಅವನ ಹತ್ತಿರ ಬೇರೆ ಬಣ್ಣದ ಅಂಗಿಯೇ ಇಲ್ಲ, ಹೆಸರು ಹಾಗೇ ಬಂತು. ಎದುರು ಪಕ್ಷಕ್ಕೆ ನಮ್ಮ ವಕೀಲೆ. ಕೋರ್ಟಿಗೂ ಅವಳಿಗೂ ಸಂಬಂಧವಿಲ್ಲ, ವಾದ ಮಾತ್ರ ಬಿಡುವವಳಲ್ಲ.

"ಮೊದಲನೆಯದರಲ್ಲಿ ವೇಯ್ನ್ ಹಸಿಯ ಹನ್ನೆರಡು ತಂತಿ ಗಿಟಾರ್ ಕೇಳು. ಮಳೆ ನಿಂತ ಮೇಲೆ ಸೂರಿನಿಂದ ಹನಿ ಬೀಳೋ ಹಾಗಿದೆ. ಎರಡನೆಯದರಲ್ಲಿ ಏನಿದೆ? ಎಲ್ಲಿ ನೋಡಿದ್ರೂ ಕೀಬೋರ್ಡು."

"ಗಿಟಾರಿನವರೇ ಬಿಟ್ಟು ಹೋದ್ರಲ್ಲ ಮಾರಾಯ!"

ಅದಂತೂ ನಿಜ. 1985ರಲ್ಲೇ ಮೊದಲು ಇನ್ನೊಬ್ಬ ಗಿಟಾರಿಸ್ಟ್ ಗ್ಯಾರಿ ಮಾರ್ಕ್ಸ್ ಹೊರಟರು. ಆಮೇಲೆ ಹಸಿ ಮತ್ತು ಬೇಸ್ ಗಿಟಾರಿನ ಕ್ರೇಗ್ ಆಡಮ್ಸ್ ಇಬ್ಬರೂ ಹೋಗಿ ದಿ ಮಿಷನ್ ಅನ್ನೋ ಬ್ಯಾಂಡ್ ಕಟ್ಟಿದರು. ಉಳಿದವರು ಹಾಡುಗಾರ ಆಂಡ್ರ್ಯೂ ಎಲ್ಡ್ರಿಚ್ ಮತ್ತು ಡಾಕ್ಟರ್ ಅವಲಾಂಚ್. ಈ ಡಾಕ್ಟರು ಮನುಷ್ಯನಲ್ಲ, ಡ್ರಮ್ ಮಷೀನು. ಮಾಡೆಲ್ ಬದಲಾದರೂ ಹೆಸರು ಬದಲಾಗಿಲ್ಲ. ಸಂಬಳ ಕೇಳುವುದಿಲ್ಲ, ಮುನಿಸಿಕೊಳ್ಳುವುದಿಲ್ಲ, ಜಗಳ ಜಾಸ್ತಿಯಾದರೆ ಪ್ಲಗ್ ಕಿತ್ತರಾಯಿತು. ನಮ್ಮ ಗುಂಪಿಗೂ ಅಂಥವನೊಬ್ಬ ಬೇಕಿತ್ತು.

ಬೇಸ್ ಗಿಟಾರಿನ ಜಾಗಕ್ಕೆ ಪ್ಯಾಟ್ರಿಶಿಯಾ ಮಾರಿಸನ್ ಬಂದರು. ರಾಕ್ ಗಾಯಕ ಮೀಟ್ ಲೋಫ್‌ಗೆ ಹಾಡು ಬರೆದುಕೊಟ್ಟ ಜಿಮ್ ಸ್ಟೈನ್‌ಮನ್‌ನನ್ನು ಎಲ್ಡ್ರಿಚ್ ಕರೆಸಿಕೊಂಡ. ಸ್ಟೈನ್‌ಮನ್ ಅಂದರೆ ಎಲ್ಲವೂ ದೊಡ್ಡದು. 'ದಿಸ್ ಕರೋಷನ್' ಹಾಡಿಗೆ ಸುಮಾರು ನಲವತ್ತು ಜನರ ಕಾಯರ್, ಅಂದರೆ ಒಟ್ಟಿಗೆ ಹಾಡುವ ಗುಂಪು. ಸಿಡಿಯಲ್ಲಿ ಅದೊಂದೇ ಹಾಡು ಸುಮಾರು 11 ನಿಮಿಷ.

"ಇಬ್ಬರು ಬಿಟ್ಟು ಹೋದ ಸಿಟ್ಟಿಗೆ ನಲವತ್ತು ಜನರನ್ನ ಕರೆಸೋದಾ? ಇದೇನು ಹಾಡಾ, ಮೆರವಣಿಗೆಯಾ?" ಎಂದ ಕರಿ ಅಂಗಿ.

"ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಏಳನೇ ಸ್ಥಾನಕ್ಕೆ ಹೋಯ್ತು."

"ಅದೇ ಕಣೇ ತಪ್ಪು! ಕತ್ತಲೆ ಕೋಣೆಯಲ್ಲಿ ಒಬ್ಬನೇ ಕೂತು ಕೇಳೋ ಸಂಗೀತ ಅದು. ಊರೆಲ್ಲ ಕೇಳಿದ್ರೆ ನಾನೆಲ್ಲಿ ಹೋಗಲಿ?"

ವಕೀಲೆ ಬಿಡಲಿಲ್ಲ. "ಮೊದಲಿನ ಹಾಗೇ ಮಾಡಿದ್ರೆ ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತೀಯ. ಬದಲಾದ್ರೆ ಹಾಳಾದ್ರು ಅಂತೀಯ. ಅವರು ಏನು ಮಾಡಬೇಕು, ನಿನ್ನ ಹತ್ತಿರ ಸಹಿ ಹಾಕಿಸ್ಕೊಂಡು ಹೋಗಬೇಕಾ?"

ಅಷ್ಟರಲ್ಲಿ 'ಫ್ಲಡ್‌ಲ್ಯಾಂಡ್'ನ '1959' ಅನ್ನೋ ಹಾಡು ಶುರುವಾಯಿತು. ಇದರಲ್ಲಿ ಡಾಕ್ಟರಿಗೂ ಕೆಲಸವಿಲ್ಲ. ಬರೀ ಪಿಯಾನೊ, ಮೇಲೆ ಎಲ್ಡ್ರಿಚ್‌ನ ಬಾವಿಯೊಳಗಿಂದ ಬಂದಂಥ ದನಿ. ಕರಿ ಅಂಗಿ ಬಯ್ಯಲು ಬಾಯಿ ತೆರೆದವನು ಹಾಗೇ ನಿಂತ. ವಾಲ್ಯೂಮ್ ತಗ್ಗಿಸಲು ಹೋದ ಬೆರಳು ಗುಂಡಿಯ ಮೇಲೇ ಉಳಿಯಿತು, ತಿರುಗಲಿಲ್ಲ. ಹಾಡು ಮುಗಿದ ಮೇಲೆ ಕೆಮ್ಮಿ, "ಇದೊಂದು ಪರವಾಗಿಲ್ಲ" ಎಂದ. ನಾನು ಗಡಿಯಾರ ನೋಡಿಕೊಂಡೆ. ನಾಲ್ಕು ನಿಮಿಷ ಅವನು ಸುಮ್ಮನಿದ್ದದ್ದು ನನ್ನ ನೆನಪಿನಲ್ಲೇ ಇಲ್ಲ.

(ಇನ್ನೊಂದು ತಮಾಷೆ. ಎಲ್ಡ್ರಿಚ್‌ಗೆ ಗಾಥ್ ಅನ್ನೋ ಮಾತೇ ಆಗಿಬರುವುದಿಲ್ಲ. ತಮ್ಮದು ರಾಕ್ ಬ್ಯಾಂಡ್ ಅಷ್ಟೇ ಅಂತಾನೆ. ಇಲ್ಲಿ ನೋಡಿದರೆ ಅವನ ಹೆಸರಲ್ಲಿ ಒಬ್ಬ ಬಿಸಿಲಿಗೂ ಕರಿ ಕೋಟು ಹಾಕುತ್ತಾನೆ.)

ಇಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಚಿಕ್ಕವನು ಇಯರ್‌ಫೋನ್ ತೆಗೆದ. ಅವನು ಹೋದ ವಾರ 'ಫ್ಲಡ್‌ಲ್ಯಾಂಡ್' ಕೇಳಿ ಮರುಳಾದವನು. ಕರಿ ಅಂಗಿಯ ಒತ್ತಾಯಕ್ಕೆ ಈಗ 1985ರ ಆಲ್ಬಮ್ ಕೇಳಿ ಮುಗಿಸಿದ್ದ.

"ಹೇಗಿದೆ?" ಕರಿ ಅಂಗಿಯ ಮುಖ ಅರಳಿತು.

"ಪರವಾಗಿಲ್ಲಣ್ಣ. ಆದ್ರೆ ಮೊದಲಿನ ಹಾಗಿಲ್ಲ. ಕಾಯರ್ ತೆಗೆದುಬಿಟ್ಟಿದ್ದಾರೆ, ಅಲ್ವಾ?"

"ಲೋ, ಇದೇ ಮೊದಲನೆಯದು ಕಣೋ!"

"ನನಗೆ ಇವತ್ತು ಬಂತಲ್ಲಣ್ಣ."

ವಕೀಲೆ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಕರಿ ಅಂಗಿ ಚಿಕ್ಕವನ ಕೈಯಿಂದ ಇಯರ್‌ಫೋನ್ ಕಿತ್ತುಕೊಂಡು, ತಾನೇ ಕಿವಿಗೆ ಸಿಕ್ಕಿಸಿಕೊಂಡು, ಗೋಡೆಯ ಕಡೆ ತಿರುಗಿ ಕೂತ.