ಹೆಂಡತಿ ಮಾತ್ರೆ, ಮಗನ ಸಿರಪ್ಪು

ಭಾನುವಾರ ಮಹಾರಾಜ ಕಾಲೇಜು ಮೈದಾನದಲ್ಲಿ ನಮ್ಮ ನಲವತ್ತು ದಾಟಿದವರ ಫುಟ್‌ಬಾಲ್. ಆಟ ಇಪ್ಪತ್ತು ನಿಮಿಷ, ಆಮೇಲೆ ಹೋಟೆಲಿನಲ್ಲಿ ಹರಟೆ ಎರಡು ಗಂಟೆ. ಮಸಾಲೆ ದೋಸೆ ಹೇಳಿ ಕೂತಿದ್ದೆವು. ಆರು ಗೋಲು ಬಿಟ್ಟುಕೊಟ್ಟ ನಮ್ಮ ಗೋಲಿ ಚಂದ್ರು ಜೇಬಿನಿಂದ ಮಾತ್ರೆ ತೆಗೆದು ನುಂಗಿದ.

"ಏನೋ ಅದು?" ಎಂದ ಶಿವು.

"ಯಾರಿಗ್ಗೊತ್ತು. ಮಂಡಿ ನೋವು ಅಂದೆ, ನಮ್ಮನೆಯವಳು ಅವಳ ಡಬ್ಬಿಯಿಂದ ಕೊಟ್ಟಳು."

"ಕೆಟ್ಟೆ ಬಿಡು. ಆಗ ಅಯಾಕ್ಸ್ ತಂಡದಲ್ಲಿದ್ದ ಒನಾನಾನೂ ಗೋಲಿನೇ. ಮೈ ಸರಿಯಿಲ್ಲ ಅಂತ ಹೆಂಡತಿ ಮಾತ್ರೆ ನುಂಗಿದ. ಅದು ಫ್ಯೂರೋಸೆಮೈಡ್, ಆಟಗಾರರು ಮುಟ್ಟಬಾರದ ಮಾತ್ರೆ. 2021ರಲ್ಲಿ ಒಂದು ವರ್ಷ ನಿಷೇಧ. ಮೇಲ್ಮನವಿ ಹಾಕಿ ಒಂಬತ್ತು ತಿಂಗಳಿಗೆ ಇಳಿಸಿಕೊಂಡ."

"ಒಂಬತ್ತು ತಿಂಗಳಾ? ಸರಿಯಾಗಿ ಬಾಣಂತನದ ಲೆಕ್ಕ!"

ನಾನು ಬಾಯಿ ಹಾಕಿದೆ. "ಅದು ನಮ್ಮಪ್ಪನಿಗೆ ಕಾಲು ಊದಿದಾಗ ಕೊಟ್ಟ ಮಾತ್ರೆ. ರಾತ್ರಿಯೆಲ್ಲ ಬಚ್ಚಲ ಕಡೆಗೇ ಓಟ. ಅದರಿಂದೇನು ಬಲ ಬರುತ್ತೆ?"

"ಬಲ ಬರಲ್ಲ. ಉಚ್ಚೆ ತೆಳ್ಳಗಾದರೆ ಬೇರೆ ಔಷಧಿ ಪರೀಕ್ಷೆಯಲ್ಲಿ ಕಾಣೋದು ಕಷ್ಟ. ಉಪ್ಪು ಜಾಸ್ತಿಯಾದ ಸಾರಿಗೆ ನೀರು ಹುಯ್ಯಲ್ವಾ, ಹಂಗೆ. ಬೇಕಂತ ತಗೊಂಡಿಲ್ಲ ಅಂತ ಒಪ್ಪಿದರು, ಆದರೂ ಬಿಡಲಿಲ್ಲ. ಹೊಟ್ಟೆಗೆ ಏನು ಹೋಗುತ್ತೆ ಅನ್ನೋದಕ್ಕೆ ಆಟಗಾರನೇ ಹೊಣೆ."

ಶಿವುಗೆ ಹುರುಪು ಬಂತು. "ಪಾಪು ಗೋಮೆಸ್ ಗೊತ್ತಾ? 2022ರಲ್ಲಿ ವಿಶ್ವಕಪ್ ಗೆದ್ದ ಅರ್ಜೆಂಟೀನಾ ತಂಡದವನು. ಕೆಮ್ಮಿಗೆ ಮಗನ ಸಿರಪ್ಪು ಕುಡಿದೆ ಅಂದ. ಎರಡು ವರ್ಷ ನಿಷೇಧ."

"ಹೆಸರೇ ಪಾಪು. ಪಾಪು ಸಿರಪ್ಪು ಕುಡಿಯದೆ ಇನ್ನೇನು ಕುಡೀತಾನೆ?"

ಫ್ರಾನ್ಸಿನ ಆಟಗಾರ ಪೋಗ್ಬಾನ ಕತೆಗೆ ಮಾತ್ರ ಯಾರೂ ನಗಲಿಲ್ಲ. ಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನು ಸಿಕ್ಕಿಬಿತ್ತು. ಸಪ್ಲಿಮೆಂಟಿನಿಂದ ಬಂತು ಅಂದ. 2024ರಲ್ಲಿ ನಾಲ್ಕು ವರ್ಷದ ನಿಷೇಧ. ಅದು 18 ತಿಂಗಳಿಗೆ ಇಳಿಯಿತು ನಿಜ, ಆದರೆ ಅವನ ಕ್ಲಬ್ಬು ಯುವೆಂಟಸ್‌ನ ನಂಟೇ ಮುಗಿಯಿತು.

ನನಗೆ ನೆನಪಾಗುವುದು 1994ರ ಮರಡೋನಾ. ಗ್ರೀಸ್ ಮೇಲೆ ಗೋಲು ಹೊಡೆದು, ಕಣ್ಣು ಅಷ್ಟಗಲ ಮಾಡಿ ಕ್ಯಾಮೆರಾ ಕಡೆ ಓಡಿ ಬಂದಿದ್ದ. ದೇವರು ಮೈಮೇಲೆ ಬಂದವನ ಹಾಗೆ. ಮುಂದಿನ ಪಂದ್ಯದ ಪರೀಕ್ಷೆಯಲ್ಲಿ ಸಿಕ್ಕಿದ್ದು ಎಫೆಡ್ರಿನ್, ಮೈಗೆ ಚುರುಕು ತರುವ ಔಷಧಿ. ವಿಶ್ವಕಪ್ಪಿನಿಂದ ಮನೆಗೆ, ಮೇಲೆ 15 ತಿಂಗಳ ನಿಷೇಧ. ಆ ಓಟವನ್ನು ಈಗ ನೋಡಿದರೂ ಹೊಟ್ಟೆ ಚುರ್ ಅನ್ನುತ್ತದೆ.

"ಅಲ್ಲ, ಪರೀಕ್ಷೆ ಹೆಂಗೆ ಮಾಡ್ತಾರೆ?" ಚಂದ್ರು ದನಿ ಸಣ್ಣಗಾಗಿತ್ತು.

"90 ಮಿಲಿಲೀಟರ್ ಉಚ್ಚೆ ಕೊಡಬೇಕು. ಒಬ್ಬ ಅಧಿಕಾರಿ ಪಕ್ಕದಲ್ಲೇ ನಿಂತು ನೋಡ್ತಾನೆ. ಆಡಿ ಬೆವರು ಸುರಿಸಿದ ಮೇಲೆ ಬೇಗ ಬರಲ್ಲ. ಬರೋವರೆಗೂ ಮನೆಗೆ ಬಿಡಲ್ಲ."

"ಒಬ್ಬ ನೋಡ್ತಾ ನಿಂತರೆ ನನಗೆ ಸಂಜೆವರೆಗೂ ಬರಲ್ಲ ಕಣೋ."

ಕೊನೆಗೆ ತಡೆಯಲಾರದೆ ಹೆಂಡತಿಗೆ ಫೋನ್ ಹಚ್ಚಿದ. "ಬೆಳಗ್ಗೆ ಕೊಟ್ಟೆಯಲ್ಲ, ಏನೇ ಅದು?"

"ಗ್ಯಾಸ್ ಮಾತ್ರೆ ಕಣ್ರೀ."

"ಮಂಡಿ ನೋವು ಅಂದಿದ್ದೆ ನಾನು!"

"ಆಟ ಮುಗಿದ ಮೇಲೆ ಎಲ್ಲಿಗೆ ಹೋಗ್ತೀರ ಅಂತ ನನಗೆ ಗೊತ್ತಿಲ್ವಾ?"

ಅಷ್ಟರಲ್ಲಿ ದೋಸೆ ಬಂತು.