ವಿಳಾಸ ಹೊಡೆದರೆ ತೆರೆಯುವ ಉಬುಂಟು ಕಂಪ್ಯೂಟರ್ ನೆಟ್‌ವರ್ಕ್ ಪಟ್ಟಿಯಲ್ಲಿ ಕಾಣುತ್ತಿಲ್ಲ

ಪ್ರಶ್ನೆ (ಕಲಬುರಗಿ):
ಸೂಪರ್ ಮಾರ್ಕೆಟ್ ಬಳಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ನುಡಿ ಅಕ್ಷರಗಳಲ್ಲಿ ಮಾಡಿದ ಹಳೆಯ ಪೇಜ್‌ಮೇಕರ್ ಕಡತಗಳಿಗಾಗಿಯೇ ಉಳಿಸಿಕೊಂಡಿರುವ ಒಂದು ವಿಂಡೋಸ್ 7, ಎರಡು ವಿಂಡೋಸ್ 11, ಲಗ್ನಪತ್ರಿಕೆಗಳ ಕಡತಗಳನ್ನೆಲ್ಲ ಇಟ್ಟಿರುವ ಒಂದು ಉಬುಂಟು 22.04 (ಲಿನಕ್ಸ್), ಈ ನಾಲ್ಕೂ ಒಂದೇ ರೌಟರ್‌ಗೆ ಸೇರಿವೆ. ಉಬುಂಟುವಿನಲ್ಲಿ ವಿಂಡೋಸ್ ಯಂತ್ರಗಳೊಂದಿಗೆ ಕಡತ ಹಂಚಿಕೊಳ್ಳುವ ಸಾಂಬಾ ತಂತ್ರಾಂಶ ನಡೆಯುತ್ತಿದೆ. \\192.168.1.20 ಎಂದು ಹೊಡೆದರೆ ಫೋಲ್ಡರ್ ತಕ್ಷಣ ತೆರೆಯುತ್ತದೆ, ಆದರೆ ವಿಂಡೋಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಆ ಕಂಪ್ಯೂಟರಿನ ಹೆಸರೇ ಬರುವುದಿಲ್ಲ. ಕಳೆದ ತಿಂಗಳು ರೌಟರ್ ಬದಲಿಸಿದ ಮೇಲೆ ಒಂದು ವಿಂಡೋಸ್ 11 ಕೂಡ ಪಟ್ಟಿಯಿಂದ ಮಾಯವಾಗಿದೆ. ರಿಪೇರಿಗೆ ಬಂದವರು ಕಡತ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ1 ಚಾಲೂ ಮಾಡಿರಿ ಎಂದರು. ಮಾಡಬಹುದೇ?

ಉತ್ತರ (ಬೀದರ್):
ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಎಸ್‌ಎಂಬಿ1ರ ದೋಷವನ್ನು ಹಿಡಿದೇ. ನಿಮ್ಮ ವಿಂಡೋಸ್ 7ಕ್ಕೂ ಅದರ ಅಗತ್ಯವಿಲ್ಲ, ಅದಕ್ಕೆ ಎಸ್‌ಎಂಬಿ2 ಬರುತ್ತದೆ.

ವಿಳಾಸ ಹೊಡೆದಾಗ ಫೋಲ್ಡರ್ ತೆರೆಯುತ್ತದೆ ಎಂದ ಮೇಲೆ ಕಡತ ಹಂಚಿಕೆ ನಡೆಯುವ 445ನೇ ಪೋರ್ಟ್, ಸಾಂಬಾ, ಪಾಸ್‌ವರ್ಡ್ ಎಲ್ಲವೂ ಸರಿಯಾಗಿವೆ. ಕೆಟ್ಟಿರುವುದು "ನಾನಿಲ್ಲಿದ್ದೇನೆ" ಎಂದು ಸಾರುವ ಕೆಲಸವೊಂದೇ. ಹಿಂದೆ ಜಾಲದ ಒಂದು ಕಂಪ್ಯೂಟರ್ ನೆಟ್‌ಬಯೋಸ್ ಎಂಬ ಹಳೆಯ ವಿಧಾನದ ಮೂಲಕ ಉಳಿದವುಗಳ ಪಟ್ಟಿ ಇಟ್ಟುಕೊಂಡು ಕೇಳಿದವರಿಗೆ ಕೊಡುತ್ತಿತ್ತು. ಆ ವ್ಯವಸ್ಥೆ ಎಸ್‌ಎಂಬಿ1ನ್ನು ನೆಚ್ಚಿಕೊಂಡಿದ್ದರಿಂದ, ವಿಂಡೋಸ್ 10ರ 1709ನೇ ಆವೃತ್ತಿಯಲ್ಲಿ ಎಸ್‌ಎಂಬಿ1 ಹೋದಾಗ ಅದೂ ಹೋಯಿತು. ಈಗಿನ ವಿಂಡೋಸ್ ಹುಡುಕುವುದು ಡಬ್ಲ್ಯುಎಸ್-ಡಿಸ್ಕವರಿ ಎಂಬ ವಿಧಾನದಿಂದ, ಸಾಂಬಾಕ್ಕೆ ಅದು ಗೊತ್ತಿಲ್ಲ. ಉಬುಂಟುವಿನಲ್ಲಿ ಆ ವಿಧಾನದಲ್ಲಿ ಹೆಸರು ಸಾರುವ ಡಬ್ಲ್ಯುಎಸ್‌ಡಿಡಿ ಎಂಬ ಚಿಕ್ಕ ಪ್ಯಾಕೇಜ್ ಹಾಕಿ. ಫೈರ್‌ವಾಲ್ ಇದ್ದರೆ ಯುಡಿಪಿ 3702 ಮತ್ತು ಟಿಸಿಪಿ 5357 ಪೋರ್ಟ್‌ಗಳನ್ನು ಒಳಜಾಲಕ್ಕೆ ಮಾತ್ರ ತೆರೆಯಿರಿ.

ಉತ್ತರ (ಯಾದಗಿರಿ):
ಮಾಯವಾದ ವಿಂಡೋಸ್ 11ರ ಕಾರಣ ಬೇರೆ ಇರಬೇಕು. ರೌಟರ್ ಬದಲಾದರೆ ವಿಂಡೋಸ್ ಅದನ್ನು ಹೊಸ ಜಾಲವೆಂದು ತಿಳಿದು ಪಬ್ಲಿಕ್ ಎಂದು ಗುರುತಿಸಿಬಿಡುತ್ತದೆ, ಆಗ ಅದು ತನ್ನನ್ನು ಯಾರಿಗೂ ತೋರಿಸಿಕೊಳ್ಳುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮಾಡಿ, ಸರ್ವಿಸಸ್‌ನಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಎಂಬುದನ್ನು ಆಟೋಮ್ಯಾಟಿಕ್‌ಗೆ ಇಡಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ. ಅದಕ್ಕೆ ಇಂಟರ್ನೆಟ್ ಸಿಗದಂತೆ ರೌಟರ್‌ನಲ್ಲೇ ತಡೆಯುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:
ಆ ಯಂತ್ರ ಪಬ್ಲಿಕ್‌ನಲ್ಲೇ ಇತ್ತು, ಬದಲಿಸಿದ ಕೂಡಲೇ ಹೆಸರು ಬಂತು. ಡಬ್ಲ್ಯುಎಸ್‌ಡಿಡಿ ಹಾಕಿದ ಮೇಲೂ ಉಬುಂಟು ಕಾಣದೆ ಗಾಬರಿಯಾಗಿದ್ದೆ; 3702 ತೆರೆದು 5357 ಮರೆತಿದ್ದೆ. ಅದನ್ನೂ ತೆರೆದು ಪಟ್ಟಿಯನ್ನು ರಿಫ್ರೆಶ್ ಮಾಡಿದರೆ ಈಗ ನಾಲ್ಕೂ ಸಾಲಾಗಿ ಕಾಣುತ್ತಿವೆ. ಎಸ್‌ಎಂಬಿ1 ಮುಟ್ಟಿಲ್ಲ. ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು.